ತಲೆಯಿಲ್ಲದ ಜಾಲಕ್ಕೊಂದು ಜಾತಕ

"ಹುಟ್ಟಿದ ಊರು?" ಎಂದು ಜೋಯಿಸರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ತಾರೀಕು, ಗಳಿಗೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ: 2009ರ ಜನವರಿ 3, ಶನಿವಾರ, ನಮ್ಮ ಕಾಲಮಾನದಲ್ಲಿ ರಾತ್ರಿ 11 ಗಂಟೆ 45 ನಿಮಿಷ 5 ಸೆಕೆಂಡ್. ಜೋಯಿಸರು ಸೆಕೆಂಡಿನ ಲೆಕ್ಕ ನೋಡಿ ಹುಬ್ಬೇರಿಸಿದರು. ಹೆರಿಗೆ ಆಸ್ಪತ್ರೆಯವರು ಕೂಡ ಇಷ್ಟು ಕರಾರುವಾಕ್ಕಾಗಿ ಬರೆದುಕೊಡುವುದಿಲ್ಲವಂತೆ.

"ತಂದೆಯ ಹೆಸರು?"

"ಸತೋಶಿ ನಕಮೊಟೊ ಎನ್ನುತ್ತಾರೆ. ಅದು ನಿಜವಾದ ಹೆಸರಲ್ಲ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಸ್ವಾಮಿ, ಇದು ಮಗುವಿನ ಜಾತಕ ತಾನೆ?"

ಅಲ್ಲ ಎಂದು ಒಪ್ಪಿಕೊಂಡೆ. ಅದು ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಲೆಕ್ಕದ ಪುಸ್ತಕದ ಮೊದಲ ಹಾಳೆಯ ಮೇಲೆ ಬಿದ್ದ ಮೊಹರಿನ ಹೊತ್ತು. ಆ ಹಾಳೆಯೊಳಗೆ ಅಂದಿನ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹವೂ ಇದೆ; ಬ್ರಿಟನ್ನಿನ ಹಣಕಾಸು ಸಚಿವರು ಎರಡನೆಯ ಬಾರಿ ಬ್ಯಾಂಕುಗಳ ಕೈಹಿಡಿಯಲು ಹೊರಟಿದ್ದಾರೆ ಎಂಬ ಸುದ್ದಿ. ಬರೆದವರು ಯಾರು, ಯಾವ ಊರಿನಲ್ಲಿ ಕುಳಿತು ಬರೆದರು ಎನ್ನುವುದು ಇಂದಿಗೂ ಬಯಲಾಗಿಲ್ಲ.

ಊರು ಗೊತ್ತಿಲ್ಲದಿದ್ದರೆ ಲಗ್ನ ಕಟ್ಟಲಾಗುವುದಿಲ್ಲ. ಪೂರ್ವದ ದಿಗಂತದಲ್ಲಿ ಯಾವ ರಾಶಿ ಏಳುತ್ತಿತ್ತು ಎಂಬುದು ನಿಂತ ನೆಲವನ್ನು ಅವಲಂಬಿಸಿದ ಮಾತು. ಮೈಸೂರಿಗೆ ಒಂದು, ಲಂಡನ್ನಿಗೆ ಇನ್ನೊಂದು. ಬಿಟ್‌ಕಾಯಿನ್ ಹುಟ್ಟಿದ್ದು ನೆಲದ ಮೇಲಲ್ಲ, ಜಾಲದಲ್ಲಿ. ಆ ಸೆಕೆಂಡಿನ ನಿಖರತೆಯೂ ತೋರಿಕೆಯದೇ. ಹಾಳೆಗೆ ಬೀಳುವ ಮೊಹರು ಜಾಲದ ಗಡಿಯಾರಕ್ಕಿಂತ ಎರಡು ಗಂಟೆಯವರೆಗೆ ಮುಂದಿದ್ದರೂ ಬಿಟ್‌ಕಾಯಿನ್ನಿನ ನಿಯಮ ಅದನ್ನು ಸಹಿಸಿಕೊಳ್ಳುತ್ತದೆ. ಒಂದು ಲಗ್ನದಿಂದ ಇನ್ನೊಂದು ಲಗ್ನಕ್ಕೆ ಹೊರಳಲು ಬೇಕಾದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯ ಹಾಳೆ ಬಂದದ್ದು ಆರು ದಿನ ಕಳೆದು, ಜನವರಿ 9ಕ್ಕೆ. ಹಾಗಾಗಿ ಹುಟ್ಟಿದ್ದು ಯಾವಾಗ ಎಂಬುದೂ ಜಗಳಕ್ಕೆ ಬಿಟ್ಟ ವಿಷಯವೇ.

ಆದರೂ ಜೋಯಿಸರು ಕಾಗದ ಎಳೆದುಕೊಂಡು ಹನ್ನೆರಡು ಮನೆ ಗೀಚಿದರು. ದಕ್ಷಿಣದ ಕುಂಡಲಿಯಲ್ಲಿ ಒಂದು ಅನುಕೂಲವಿದೆ: ರಾಶಿಗಳ ಜಾಗ ಗಟ್ಟಿ. ಲಗ್ನವಿಲ್ಲದೆಯೂ ಗ್ರಹಗಳನ್ನು ಕೂರಿಸಬಹುದು, 'ಲ' ಎಂದು ಬರೆಯುವ ಮೂಲೆಯೊಂದು ಖಾಲಿ ಉಳಿಯುತ್ತದೆ ಅಷ್ಟೆ. ಚಂದ್ರ ಮೀನದಲ್ಲಿ, ಶನಿ ಸಿಂಹದಲ್ಲಿ. ಮಕರದ ಮನೆಯಲ್ಲಿ ಮಾತ್ರ ಸಂತೆ: ಬುಧ, ಗುರು, ರಾಹು. ಅದರಲ್ಲೂ ಗುರು ಪರಮನೀಚವಾದ ಐದನೆಯ ಡಿಗ್ರಿಯ ಆಸುಪಾಸಿನಲ್ಲಿ.

ಇಲ್ಲಿಂದ ಮುಂದೆ ಫಲ ಹೇಳಲು ಜೋಯಿಸರೇ ಬೇಕಾಗಿಲ್ಲ, ಅರೆಬರೆ ಕಲಿತ ನನ್ನಂಥವನಿಗೂ ಬಾಯಿ ಬರುತ್ತದೆ. ಗುರು ಎಂದರೆ ಧನಕಾರಕ, ಖಜಾನೆ, ಬ್ಯಾಂಕು. ಅವನು ನೀಚನಾಗಿದ್ದಾನೆ, ಪಕ್ಕದಲ್ಲಿ ರಾಹು ಕುಳಿತು ಗುರುಚಾಂಡಾಲ ಯೋಗ. ಬುಧನೆಂದರೆ ಲೆಕ್ಕ, ವ್ಯಾಪಾರ; ರಾಹುವೆಂದರೆ ಪರದೇಶಿ. ಹಣದ ಹಿರಿಯರು ಹಾಳಾದ ಹೊತ್ತಿನಲ್ಲಿ ಲೆಕ್ಕಿಗನೊಬ್ಬ ಪರದೇಶಿಯ ಜೊತೆ ಸೇರಿ ಮಾಡಿದ ಹೊಸ ಹಣ! ಕಥೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ ನಂಬಿಬಿಡಬೇಕು ಅನಿಸುತ್ತದೆ.

ನಂಬುವ ಮೊದಲು ಒಂದು ದಿನಾಂಕ ನೋಡಬೇಕು. ಅದಾದ ನಾಲ್ಕೇ ದಿನಕ್ಕೆ, 2009ರ ಜನವರಿ 7ರಂದು, ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ತಾವು ವರ್ಷಗಟ್ಟಲೆ ಸುಳ್ಳು ಲೆಕ್ಕ ಬರೆದದ್ದನ್ನು ಒಪ್ಪಿಕೊಂಡು ಪತ್ರ ಕೊಟ್ಟರು. ಸಾವಿರಾರು ಕೋಟಿ ರೂಪಾಯಿ ಪುಸ್ತಕದಲ್ಲಿ ಇತ್ತು, ಬ್ಯಾಂಕಿನಲ್ಲಿ ಇರಲಿಲ್ಲ. ಅದೇ ಮಕರ, ಅದೇ ನೀಚ ಗುರು, ಅದೇ ರಾಹು. ಒಂದೇ ಆಕಾಶದ ಕೆಳಗೆ ಯಾರೂ ತಿದ್ದಲಾಗದ ಲೆಕ್ಕದ ಪುಸ್ತಕವೂ ಹುಟ್ಟಿತು, ದೇಶದಲ್ಲೇ ದೊಡ್ಡದೆನಿಸಿದ ತಿದ್ದಿದ ಲೆಕ್ಕದ ಪುಸ್ತಕವೂ ಬಯಲಾಯಿತು. ಆ ನಾಲ್ಕಾರು ತಿಂಗಳಲ್ಲಿ ಅದೇ ಯೋಗ ಹೊತ್ತು ಹುಟ್ಟಿದ ಕೋಟಿಗಟ್ಟಲೆ ಮಕ್ಕಳು ಈಗ ಹೈಸ್ಕೂಲು, ಪಿಯುಸಿ ಎಂದು ಓಡಾಡಿಕೊಂಡಿದ್ದಾರೆ. ಅವರಲ್ಲಿ ಎಷ್ಟು ಮಂದಿ ಬ್ಯಾಂಕುಗಳ ಮೇಲೆ ಮುನಿಸಿಕೊಂಡಿದ್ದಾರೆ ಎಂದು ಯಾರೂ ಎಣಿಸಿಲ್ಲ.

ಕುಂಭ ಯಾರದು?

ಒಂದೇ ಕೇಂದ್ರದ ಹಿಡಿತವಿಲ್ಲದೆ ನಡೆಯುವ ವಿಕೇಂದ್ರೀಕೃತ ತಂತ್ರಜ್ಞಾನದ ಬಗ್ಗೆ ಜ್ಯೋತಿಷಿಗಳು ಈಗ ಆಡುತ್ತಿರುವ ಮಾತಿನ ತಿರುಳು ಇಷ್ಟು: ಕುಂಭದ ಕಾಲ ಬಂದಿದೆ. ಕುಂಭ ಸಮೂಹದ ರಾಶಿ, ವಾಯುತತ್ವ, ಜಾಲಗಳ ಮನೆ. 2020ರ ಡಿಸೆಂಬರ್ 21ರಂದು ಗುರು–ಶನಿ ಕುಂಭದ ಹೊಸ್ತಿಲಲ್ಲೇ ಕೂಡಿದರು. 2024ರ ನವೆಂಬರ್‌ನಿಂದ ಪ್ಲೂಟೊ ಕುಂಭದಲ್ಲಿ ಬೀಡುಬಿಟ್ಟಿದೆ, ಸುಮಾರು ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಆದ್ದರಿಂದ ರಾಜರು, ಬ್ಯಾಂಕುಗಳು, ದೊಡ್ಡ ಕಂಪನಿಗಳು ಕರಗಿ ಅಧಿಕಾರ ಜನರ ಕೈಗೆ ಹರಿದುಬರುತ್ತದೆ. ಬ್ಲಾಕ್‌ಚೈನ್, ಅಂದರೆ ಬಿಟ್‌ಕಾಯಿನ್ನಿನಂತೆ ಹಾಳೆಗೆ ಹಾಳೆ ಕೊಂಡಿ ಹಾಕಿದ ಲೆಕ್ಕದ ಪುಸ್ತಕ, ಅದರ ಮುಂಗೋಳಿ.

ಇದು ಪಾಶ್ಚಾತ್ಯರ ಸಾಯನ ಲೆಕ್ಕ, ವಿಷುವಬಿಂದುವಿನಿಂದ ರಾಶಿ ಎಣಿಸುವುದು. ನಮ್ಮದು ನಿರಯನ, ನಕ್ಷತ್ರಗಳನ್ನು ಹಿಡಿದು ಎಣಿಸುವುದು. ವಸಂತ ವಿಷುವದ ಬಿಂದು ನಕ್ಷತ್ರಗಳ ಹಿನ್ನೆಲೆಯಲ್ಲಿ ಸುಮಾರು 72 ವರ್ಷಕ್ಕೊಂದು ಡಿಗ್ರಿಯಂತೆ ಹಿಂದಕ್ಕೆ ಜಾರುತ್ತಾ ಬಂದಿರುವುದರಿಂದ ಎರಡು ಲೆಕ್ಕಗಳ ನಡುವೆ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಇದೇ ಅಯನಾಂಶ. ಅದನ್ನು ಕಳೆದು ನೋಡಿದರೆ 2020ರ ಆ ಗುರು–ಶನಿ ಸಮಾಗಮ ಕುಂಭದಲ್ಲಿ ನಡೆದೇ ಇಲ್ಲ, ಮಕರದ ಆರನೆಯ ಡಿಗ್ರಿಯಲ್ಲಿ ನಡೆಯಿತು. ಪ್ಲೂಟೊ ಕೂಡ ಮಕರದಲ್ಲೇ ಇದೆ, ನಮ್ಮ ಕುಂಭಕ್ಕೆ ಕಾಲಿಡುವುದು 2030ರ ದಶಕದ ಕೊನೆಗೆ. 'ಕುಂಭಯುಗ' ಎಂಬುದಂತೂ ಇನ್ನೂ ದೂರ: ಇದೇ ಅಯನಾಂಶದಿಂದ ಗುಣಿಸಿದರೆ ವಿಷುವಬಿಂದು ಕುಂಭ ಮುಟ್ಟಲು ನಾನೂರು ವರ್ಷಕ್ಕೂ ಮೇಲೆ ಬೇಕು. ಕನ್ನಡದಲ್ಲಿ ಭವಿಷ್ಯ ಹೇಳುವ ಎಷ್ಟೋ ವಿಡಿಯೊಗಳಲ್ಲಿ ರಾಹುವಿಗೆ ನಿರಯನ, ಪ್ಲೂಟೊಗೆ ಸಾಯನ ಹಚ್ಚಿ ಎರಡನ್ನೂ ಕಲಸಿ ಬಡಿಸುತ್ತಾರೆ. ಒಂದೇ ಮಾತಿನಲ್ಲಿ ಎರಡು ಆಕಾಶ!

ಇನ್ನು ಪ್ಲೂಟೊ ನಮ್ಮ ನವಗ್ರಹಗಳ ಸಾಲಿನಲ್ಲೇ ಇಲ್ಲ. 1930ರಲ್ಲಿ ಕಣ್ಣಿಗೆ ಬಿದ್ದು, 2006ರಲ್ಲಿ ಕುಬ್ಜಗ್ರಹವೆಂದು ಪಂಕ್ತಿಯಿಂದ ಎದ್ದುಹೋದ ಗ್ರಹ ಅದು. ದೇವಸ್ಥಾನದ ನವಗ್ರಹ ಕಟ್ಟೆಯಲ್ಲಿ ಅದಕ್ಕೆ ಎಳ್ಳೆಣ್ಣೆ ಹಚ್ಚಿದವರನ್ನು ನಾನು ಕಂಡಿಲ್ಲ.

ಹಾಗೆಂದು ಪಾಶ್ಚಾತ್ಯ ಜ್ಯೋತಿಷಿಗಳ ವಾದವನ್ನು ಅವರ ನೆಲದಲ್ಲೇ ನಿಂತು ನೋಡೋಣ. ಹಿಂದಿನ ಬಾರಿ ಪ್ಲೂಟೊ ಅವರ ಕುಂಭದಲ್ಲಿದ್ದದ್ದು 1778ರಿಂದ 1798ರವರೆಗೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ, ಫ್ರಾನ್ಸಿನ ಕ್ರಾಂತಿ, ರಾಜನ ತಲೆ ಗಿಲೊಟಿನ್ನಿಗೆ. ಜನರ ಯುಗ ಎನ್ನಲು ಇದಕ್ಕಿಂತ ಏನು ಬೇಕು? ಅದೇ ಇಪ್ಪತ್ತು ವರ್ಷವನ್ನು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಗೆದ್ದದ್ದು ಜನವಲ್ಲ, ರಾಜನೂ ಅಲ್ಲ. ಲಂಡನ್ನಿನಲ್ಲಿ ಷೇರುದಾರರಿದ್ದ ಒಂದು ಕಂಪನಿ. ಪ್ಯಾರಿಸ್ಸಿನಲ್ಲೂ ಕ್ರಾಂತಿಯ ಬೆನ್ನಿಗೇ, 1799ರಲ್ಲಿ ನೆಪೋಲಿಯನ್ ಬಂದು ಕುಳಿತ.

ನಮ್ಮದೇ ಲೆಕ್ಕದ ರಾಹುವನ್ನು ಹಿಡಿದರೂ ಇದೇ ಪಾಡು. 2025ರ ಮೇ 18ರಂದು ರಾಹು ಕುಂಭಕ್ಕೆ, ಕೇತು ಸಿಂಹಕ್ಕೆ ಬಂದಾಗ 'ವಿಕೇಂದ್ರೀಕರಣದ ಒಂದೂವರೆ ವರ್ಷ' ಎಂದರು. ಅದಕ್ಕೆ ಮುಂಚೆ ರಾಹು ಕುಂಭದಲ್ಲಿದ್ದದ್ದು 2006ರ ಕೊನೆಯಿಂದ 2008ರ ಮೊದಲ ತಿಂಗಳುಗಳವರೆಗೆ. ಆಗ ಏನಾಯಿತು? ಫೇಸ್‌ಬುಕ್ ಕಾಲೇಜುಗಳಿಂದ ಹೊರಬಂದು ಊರಿಗೆಲ್ಲ ಬಾಗಿಲು ತೆರೆದು ಬೆಳೆಯತೊಡಗಿತು. 2007ರ ಜೂನ್‌ನಲ್ಲಿ ಐಫೋನ್ ಅಂಗಡಿಗೆ ಬಂತು. ಅಂದರೆ ಇಂದು ಯಾವ ಕೇಂದ್ರಗಳಿಂದ ಬಿಡಿಸಿಕೊಳ್ಳಬೇಕು ಎಂದು ಒದ್ದಾಡುತ್ತಿದ್ದೇವೋ ಆ ಕೇಂದ್ರಗಳು ಬೇರುಬಿಟ್ಟದ್ದೇ ಕುಂಭದ ರಾಹುವಿನ ಕಾಲದಲ್ಲಿ.

ರಾಹುವೋ ಕೇತುವೋ

ಜ್ಯೋತಿಷದ ಫಲಭಾಗ ನನಗೆ ಒಗ್ಗುವುದಿಲ್ಲ, ಅದರ ಕಥೆಗಳು ಒಗ್ಗುತ್ತವೆ. ಕ್ರಿಪ್ಟೊ ಕರೆನ್ಸಿಯನ್ನು ಎಲ್ಲರೂ ರಾಹುವಿನ ಲೆಕ್ಕಕ್ಕೆ ಬರೆಯುತ್ತಾರೆ: ಮಾಯೆ, ದಿಢೀರ್ ಹಣ, ಪರದೇಶ. ಆದರೆ ಕಥೆಯನ್ನು ನೆನೆಸಿಕೊಳ್ಳಿ. ಅಮೃತ ಬಡಿಸುವಾಗ ಸ್ವರ್ಭಾನು ದೇವತೆಗಳ ಪಂಕ್ತಿಯಲ್ಲಿ ನುಸುಳಿ ಕುಳಿತ, ಸೂರ್ಯಚಂದ್ರರು ಬೆರಳು ತೋರಿಸಿದರು, ಚಕ್ರ ಬಂದು ಕುತ್ತಿಗೆ ಕತ್ತರಿಸಿತು. ತಲೆ ರಾಹುವಾಯಿತು, ಮುಂಡ ಕೇತುವಾಯಿತು. ಅಮೃತ ಗಂಟಲಿಗೆ ಇಳಿದದ್ದರಿಂದ ಎರಡೂ ಸಾಯಲಿಲ್ಲ.

ತಲೆಯಿಲ್ಲದೆ ಬದುಕುವ ದೇಹ! ವಿಕೇಂದ್ರೀಕೃತ ಜಾಲಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತಿಳಿಯದು. ಬಿಟ್‌ಕಾಯಿನ್ನಿಗೆ ಮುಖ್ಯ ಕಚೇರಿಯಿಲ್ಲ, ಅಧ್ಯಕ್ಷರಿಲ್ಲ. ಜಾಲದಲ್ಲಿ ಪೂರ್ಣ ಪ್ರತಿ ಇಟ್ಟುಕೊಂಡ ಪ್ರತಿ ಯಂತ್ರವೂ ಇಡೀ ಲೆಕ್ಕದ ಪುಸ್ತಕವನ್ನು ಹೊತ್ತಿರುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಹಾಳೆ. ಪ್ರತಿ ಹಾಳೆಯೂ ಹಿಂದಿನ ಹಾಳೆಯ ಗುರುತನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿರುವುದರಿಂದ ನಡುವಿನ ಒಂದು ಹಾಳೆ ತಿದ್ದಿದರೆ ಮುಂದಿನದೆಲ್ಲ ಸುಳ್ಳೆಂದು ಹೊರಬೀಳುತ್ತದೆ. ಕೇಳಲು ಯಾರೂ ಇಲ್ಲ, ಕೇಳುವ ಅಗತ್ಯವೂ ಇಲ್ಲ. ಇದು ಕೇತು.

ತೊಂದರೆಯೆಂದರೆ, ಕತ್ತರಿಸಿದ ತಲೆ ಸುಮ್ಮನೆ ಬಿದ್ದಿರುವುದಿಲ್ಲ. 2016ರ ಜೂನ್‌ನಲ್ಲಿ ಈಥೀರಿಯಮ್ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲದ ಮೇಲೆ ಕಟ್ಟಿದ 'ದ ಡಿಎಒ' ಎಂಬ ಸಾಮೂಹಿಕ ನಿಧಿಯಿಂದ ಆ ಜಾಲದ ನಾಣ್ಯವಾದ ಈಥರ್ ಸುಮಾರು 36 ಲಕ್ಷದಷ್ಟು ಸೋರಿಹೋಯಿತು. ಕಳ್ಳ ಬೀಗ ಮುರಿದಿರಲಿಲ್ಲ. ಬರೆದ ನಿಯಮದಲ್ಲೇ ಇದ್ದ ಸಂದಿಯಲ್ಲಿ ಕೈ ಹಾಕಿದ್ದ. ಬರೆದ ನಿಯಮವೇ ಕೊನೆಯ ಮಾತು ಎಂದು ಸಾರಿದ್ದವರು ಈಗ ಏನು ಮಾಡಬೇಕು? ಮುಂಚೂಣಿಯ ಕೆಲವರು ಸೇರಿ ಇತಿಹಾಸವನ್ನೇ ಹಿಂದಕ್ಕೆ ತಿರುಗಿಸುವ ಪ್ರಸ್ತಾಪ ತಂದರು, ಜುಲೈ 20ರಂದು ಜಾಲ ಕವಲೊಡೆಯಿತು. ಒಪ್ಪದವರು ಹಳೆಯ ಸರಣಿಯನ್ನೇ ಹಿಡಿದು ಈಥೀರಿಯಮ್ ಕ್ಲಾಸಿಕ್ ಎಂದು ಉಳಿದುಕೊಂಡರು. ತಲೆ ಎಲ್ಲಿತ್ತು ಎಂಬುದು ಆ ಒಂದು ತಿಂಗಳಲ್ಲಿ ಎಲ್ಲರಿಗೂ ಕಂಡಿತು.

ಬಿಟ್‌ಕಾಯಿನ್ನಿನಲ್ಲೂ ಹಾಳೆ ಬರೆಯುವ ಗಣಿಗಾರರು ಕೂಟ ಕಟ್ಟಿಕೊಂಡಿದ್ದಾರೆ; ಒಮ್ಮೊಮ್ಮೆ ಎರಡೇ ಕೂಟಗಳ ಕೈಯಲ್ಲಿ ಜಾಲದ ಅರ್ಧದಷ್ಟು ಶಕ್ತಿ ಬಂದು ಕೂರುತ್ತದೆ. ಸಾಮಾನ್ಯ ಜನ ಜಾಲಕ್ಕೆ ಹೋಗುವುದೇ ಇಲ್ಲ, ವಿನಿಮಯ ಕೇಂದ್ರದ ಆ್ಯಪ್‌ಗೆ ಹೋಗುತ್ತಾರೆ. ನಾಣ್ಯದ ಕೀಲಿ ಅಲ್ಲಿರುತ್ತದೆ, ಇವರ ಬಳಿ ಇರುವುದು ಪಾಸ್‌ವರ್ಡ್. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರ ಮುಳುಗಿದಾಗ, 2024ರ ಜುಲೈ 18ರಂದು ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಕಳುವಾದಾಗ ಜನ ಕಂಡುಕೊಂಡದ್ದು ಇದನ್ನೇ. ಬ್ಯಾಂಕು ಬೇಡವೆಂದು ಹೊರಟವರು ಠೇವಣಿ ವಿಮೆಯೂ ಇಲ್ಲದ ಇನ್ನೊಂದು ಬ್ಯಾಂಕಿನ ಮುಂದೆ ಸಾಲು ನಿಂತಿದ್ದರು.

ಸರ್ಕಾರದ ತಲೆಯಂತೂ ಎಲ್ಲೂ ಹೋಗಿಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಯಂತ್ರವೊಂದು ತಲೆಯೆತ್ತಿತು; ನೋಡಲು ಎಟಿಎಮ್ಮಿನಂತೆಯೇ. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ಹೊತ್ತೊಯ್ದರು, ಇಟ್ಟವರನ್ನೂ ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಬಜೆಟ್ ನಿಷೇಧವನ್ನೂ ಹೇಳಲಿಲ್ಲ, ಮಾನ್ಯತೆಯನ್ನೂ ಕೊಡಲಿಲ್ಲ. ಲಾಭದ ಮೇಲೆ 30 ಶೇಕಡಾ ತೆರಿಗೆ, ವಹಿವಾಟಿನ ಮೇಲೆ 1 ಶೇಕಡಾ ಮೂಲದಲ್ಲೇ ಮುರಿತ. ಆ ವರ್ಷದ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ತನ್ನದೇ ಡಿಜಿಟಲ್ ರೂಪಾಯಿಯನ್ನು ಸಾರ್ವಜನಿಕರ ಕೈಗೆ ಪ್ರಯೋಗಕ್ಕೆ ಕೊಟ್ಟಿತು, ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಮುಂಡದ ಅಂಗಿಯನ್ನು ತಲೆ ತೊಟ್ಟುಕೊಂಡಂತೆ.

ಸರ್ವೇಷಾಂ ಏಕಾದಶಿ

ಗ್ರಹಗಳು ವಿಕೇಂದ್ರೀಕರಣದ ಬಗ್ಗೆ ಏನು ಹೇಳುತ್ತವೆ ಎಂದು ಕೇಳುವುದಕ್ಕಿಂತ, ಗ್ರಹಗಳ ಲೆಕ್ಕ ಇಟ್ಟವರು ಅದನ್ನು ಹೇಗೆ ನಡೆಸಿದರು ಎಂದು ಕೇಳಿದರೆ ಹೆಚ್ಚು ಸಿಗುತ್ತದೆ. ಪಂಚಾಂಗಕ್ಕಿಂತ ಹಳೆಯ ವಿಕೇಂದ್ರೀಕೃತ ವ್ಯವಸ್ಥೆ ನಮ್ಮ ನಡುವೆ ಎಷ್ಟಿದೆ?

ಅದಕ್ಕೆ ಕೇಂದ್ರ ಕಚೇರಿ ಎಂದೂ ಇರಲಿಲ್ಲ. ಒಂಟಿಕೊಪ್ಪಲಿನ ಪಂಚಾಂಗ ಒಂದು, ಉತ್ತರಾದಿ ಮಠದ್ದು ಒಂದು, ರಾಯರ ಮಠದ್ದು ಇನ್ನೊಂದು. ಕೆಲವರು ಸೂರ್ಯಸಿದ್ಧಾಂತದ ಪ್ರಕಾರ ಗುಣಿಸುತ್ತಾರೆ, ಕೆಲವರು ಆರ್ಯಭಟನ ಪರಂಪರೆ ಹಿಡಿಯುತ್ತಾರೆ, ಕೆಲವರು ದೃಗ್ಗಣಿತ. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ಗೋಡೆಗೆ ತೂಗಿದ ಮನೆಯಲ್ಲೇ ಅಜ್ಜಿ ಮಠದ ಪಂಚಾಂಗ ನೋಡಿ ಉಪವಾಸ ಮಾಡುತ್ತಾರೆ. ಏಕಾದಶಿಯ ವಿಷಯಕ್ಕೆ ಬಂದರೆ ಸ್ಮಾರ್ತರಿಗೆ ಸೂರ್ಯೋದಯದ ತಿಥಿ ಸಾಕು. ವೈಷ್ಣವರಿಗೆ ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯದಲ್ಲೂ ದಶಮಿಯ ಸೋಂಕು ಇರಬಾರದು. ಇದ್ದರೆ ಉಪವಾಸ ಮರುದಿನಕ್ಕೆ. ಒಂದೇ ಬೀದಿಯಲ್ಲಿ ಈ ಮನೆಯಲ್ಲಿ ಫಲಾಹಾರ, ಆ ಮನೆಯಲ್ಲಿ ಹುಳಿ ಅನ್ನ. ಇಬ್ಬರ ನಿಯಮವೂ ಹೊಂದಿಕೊಂಡ ದಿನ ಪಂಚಾಂಗದಲ್ಲಿ ಅಚ್ಚಾಗುವ ಮಾತು 'ಸರ್ವೇಷಾಂ ಏಕಾದಶಿ'. ಬ್ಲಾಕ್‌ಚೈನಿನವರು ಒಮ್ಮತ ಎಂದು ಕರೆಯುವುದಕ್ಕೆ ನಮ್ಮಲ್ಲಿ ಇದ್ದ ಹೆಸರು ಅದು. ಕವಲೊಡೆದ ದಿನವೂ ಯಾರೂ ಯಾರನ್ನೂ ಪಂಕ್ತಿಯಿಂದ ಎಬ್ಬಿಸಿದ್ದಿಲ್ಲ. ಹದಿನೈದು ದಿನ ಕಳೆದರೆ ಮುಂದಿನ ಏಕಾದಶಿ ಬರುತ್ತದಲ್ಲ.

ದೆಹಲಿ ಇದನ್ನು ಒಮ್ಮೆ ಒಂದು ಮಾಡಲು ಹೊರಟಿತ್ತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಸರಿಹೊಂದಿಸಲು 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಇಂದಿಗೂ ಅದು ಸರ್ಕಾರಿ ಗೆಜೆಟ್ಟಿನ ಮೇಲೆ ಇದೆ, ಆಕಾಶವಾಣಿಯಲ್ಲಿ ಕೇಳಿಸುತ್ತದೆ. ಯಾರ ಮನೆಯ ಮದುವೆಯೂ ಅದನ್ನು ನೋಡಿ ನಡೆದದ್ದು ನನಗೆ ಗೊತ್ತಿಲ್ಲ. ಆದರೆ ಸಮಿತಿ ನಿಗದಿ ಮಾಡಿದ ಅಯನಾಂಶವನ್ನು ಮಾತ್ರ ಬಹುಪಾಲು ಜ್ಯೋತಿಷಿಗಳು ಒಪ್ಪಿಕೊಂಡರು. ಲಾಹಿರಿ ಅಯನಾಂಶ ಎಂದು ಇಂದಿನ ಜಾತಕದ ಆ್ಯಪ್‌ಗಳಲ್ಲೆಲ್ಲ ಕೂತಿರುವುದು ಅದೇ. ಮೇಲಿನಿಂದ ಬಂದ ಪಂಚಾಂಗ ಬೇಡವಾಯಿತು, ಎಲ್ಲರ ಲೆಕ್ಕಕ್ಕೂ ಒದಗುವ ಅಳತೆಗೋಲು ಬೇಕಾಯಿತು.

ಇಷ್ಟೊಂದು ಜನ ಇಷ್ಟೊಂದು ಬಗೆಯಲ್ಲಿ ಗುಣಿಸಿದರೂ ಪಂಚಾಂಗ ದಿಕ್ಕೆಟ್ಟು ಹೋಗಲಿಲ್ಲ ಏಕೆ? ಗ್ರಹಣ. ಅದು ಆಕಾಶದಲ್ಲಿ ನಡೆಯುವ ಲೆಕ್ಕ ತಪಾಸಣೆ. ಹೇಳಿದ ಗಳಿಗೆಗೆ ಹಿಡಿಯದಿದ್ದರೆ ಊರಿಗೆ ಊರೇ ನೋಡುತ್ತದೆ, ಯಾವ ಮಠದ ಹೆಸರೂ ಕಾಪಾಡುವುದಿಲ್ಲ. ಕೇರಳದ ಪರಮೇಶ್ವರ 55 ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ನೋಡಿ, ಹಳೆಯ ಲೆಕ್ಕ ಕಣ್ಣಿಗೆ ಕಂಡದ್ದಕ್ಕೆ ಹೊಂದದಿರುವುದನ್ನು ಕಂಡು, 1431ರಲ್ಲಿ ದೃಗ್ಗಣಿತ ರಚಿಸಿದ. ಹೆಸರೇ ಹೇಳುವಂತೆ ಕಣ್ಣಿಗೆ ಹೊಂದುವ ಗಣಿತ. ಪರಂಪರೆಯನ್ನು ತಿದ್ದಲು ಅವನಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಯಾರು ಬೇಕಾದರೂ ಮೇಲೆ ನೋಡಬಹುದಿತ್ತು.

ಆದರೆ ಇದು ಸಿದ್ಧಾಂತ ಭಾಗದ, ಅಂದರೆ ಗಣಿತದ ಮಾತು. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಫಲ ಇರುತ್ತದೆ: ವೃಷಭಕ್ಕೆ ಧನಲಾಭ, ಕನ್ಯಾಕ್ಕೆ ಕಲಹ. ಫಲಕ್ಕೆ ಗ್ರಹಣದಂಥ ತಪಾಸಣೆ ಇಲ್ಲ. ತಪ್ಪಿದರೆ ದಶೆ ಸರಿಯಿಲ್ಲ, ಅದೂ ತಪ್ಪಿದರೆ ಹುಟ್ಟಿದ ಗಳಿಗೆ ಸರಿಯಿಲ್ಲ. ಆದರೂ ಜನ ನಂಬುತ್ತಾರೆ. ಗ್ರಹಣವನ್ನು ನಿಮಿಷಕ್ಕೆ ಸರಿಯಾಗಿ ಹೇಳಿದವರು ಮಗಳ ಮದುವೆಯನ್ನು ತಪ್ಪು ಹೇಳುತ್ತಾರೆಯೇ? ಗಣಿತ ಸಂಪಾದಿಸಿದ ವಿಶ್ವಾಸವನ್ನು ಫಲ ಖರ್ಚು ಮಾಡುತ್ತದೆ.

ವಿಕೇಂದ್ರೀಕೃತ ತಂತ್ರಜ್ಞಾನದಲ್ಲಿ ನಡೆಯುತ್ತಿರುವುದೂ ಕೂದಲೆಳೆಯಷ್ಟೂ ಬೇರೆಯಲ್ಲ ಎಂಬುದು ನನ್ನ ಗುಮಾನಿ. ಅಲ್ಲಿಯ ಗಣಿತ ಗಟ್ಟಿ. 2,10,000 ಹಾಳೆಗೊಮ್ಮೆ ಗಣಿಗಾರರ ಇನಾಮು ಅರ್ಧವಾಗುತ್ತದೆ ಎಂದು ಮೊದಲೇ ಬರೆದಿತ್ತು. 2012, 2016, 2020ರಲ್ಲಿ ಹಾಗೇ ಆಯಿತು, 2024ರ ಏಪ್ರಿಲ್ 20ರ ಬೆಳಗಿನ ಜಾವ 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಸಂಕ್ರಮಣದಷ್ಟೇ ಖಚಿತ. ಒಟ್ಟು 2 ಕೋಟಿ 10 ಲಕ್ಷ ನಾಣ್ಯ ಮೀರುವುದಿಲ್ಲ. ಯಾರು ಬೇಕಾದರೂ ಎಣಿಸಿ ನೋಡಬಹುದು, ಯಾರನ್ನೂ ನಂಬಬೇಕಾಗಿಲ್ಲ. ಇದೇ ಖಚಿತತೆಯ ಬೆನ್ನೇರಿ ಬರುತ್ತದೆ ಫಲಭಾಗ: ಬೆಲೆ ಹತ್ತು ಪಟ್ಟು ಏರುತ್ತದೆ, ಬ್ಯಾಂಕುಗಳು ಮುಚ್ಚುತ್ತವೆ, ಬಡವನಿಗೆ ಬಿಡುಗಡೆ ಸಿಗುತ್ತದೆ. ಬೆಲೆ ಬಿದ್ದರೆ 'ನೀವು ಅವಧಿಗೆ ಮುಂಚೆ ಮಾರಿದಿರಿ' ಎಂಬ ಪರಿಹಾರ. ಶಾಂತಿಹೋಮವೊಂದು ಕಡಿಮೆ. ಈಗ ಈ ಎರಡು ಫಲಭಾಗಗಳೂ ಒಂದಾಗಿವೆ, ನಾಣ್ಯ ಕೊಳ್ಳಲು ರಾಹುಕಾಲ ಬಿಟ್ಟು ಒಳ್ಳೆಯ ಹೋರೆ ಹೇಳಿಕೊಡುವವರು ಹುಟ್ಟಿಕೊಂಡಿದ್ದಾರೆ.

ಶನಿಯ ಪಾಲು

ಸಮಾಜ ಬದಲಾಗುತ್ತಿಲ್ಲವೇ ಎಂದರೆ, ಬದಲಾಗುತ್ತಿದೆ. ಆದರೆ ಸದ್ದು ಮಾಡುವ ಕಡೆಯಲ್ಲ.

ವಿಕೇಂದ್ರೀಕರಣ ಎಂಬ ಮಾತು ಕನ್ನಡಿಗರಿಗೆ ಸಿಲಿಕಾನ್ ಕಣಿವೆಯಿಂದ ಬಂದದ್ದಲ್ಲ. ನನ್ನ ತಲೆಮಾರಿನವರಿಗೆ ಅದು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಮಾತು. 1983ರ ಕಾಯಿದೆ, 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ. ಆ ವಿಕೇಂದ್ರೀಕರಣದಲ್ಲಿ ಕೇಳುತ್ತಿದ್ದ ಪ್ರಶ್ನೆ ನೇರವಾಗಿತ್ತು: ಕೊಳವೆಬಾವಿ ಎಲ್ಲಿ ಕೊರೆಯಬೇಕು, ನಿರ್ಧಾರ ಯಾರದು, ಕೆಟ್ಟರೆ ಯಾರನ್ನು ಹಿಡಿಯಬೇಕು. ಹೊಸ ತಂತ್ರಜ್ಞಾನಕ್ಕೂ ನಾನು ಕೇಳುವುದು ಅದನ್ನೇ.

ಜ್ಯೋತಿಷದಲ್ಲಿ ದುಡಿಯುವವರ ಗ್ರಹ ಶನಿ. ಕೂಲಿ, ಸೇವೆ, ಕಬ್ಬಿಣ, ಎಣ್ಣೆ, ತಡ ಎಲ್ಲ ಅವನದೇ. ಆಟೊ ಓಡಿಸುವವನ ಬದುಕಿನಲ್ಲಿ ಈ ಐದೂ ಇವೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಟೊ ಚಾಲಕರ ಸಂಘದ ಜೊತೆಗೂಡಿ 'ನಮ್ಮ ಯಾತ್ರಿ' ಆ್ಯಪ್ ಬಂತು. ಅದು ನಿಂತಿರುವುದು ಬೆಕ್ನ್ ಎಂಬ ಮುಕ್ತ ನಿಯಮಾವಳಿಯ ಮೇಲೆ. ಅದೂ ಬೆಂಗಳೂರಿನಲ್ಲೇ ಹುಟ್ಟಿದ್ದು. ಯಾವ ಆ್ಯಪ್‌ನಿಂದ ಕರೆದರೂ ಯಾವ ಆ್ಯಪ್‌ನ ಆಟೊ ಬೇಕಾದರೂ ಬರಬಹುದು ಎಂಬುದು ಆ ನಿಯಮಾವಳಿಯ ಆಸೆ. ಬ್ಲಾಕ್‌ಚೈನ್ ಇಲ್ಲ, ನಾಣ್ಯವಿಲ್ಲ. ಕಮಿಷನ್ನೂ ಇಲ್ಲ, ಮುಂದೆ ದಿನಕ್ಕೆ 25 ರೂಪಾಯಿಯ ಶುಲ್ಕ ಬಂತು. ಶನಿ ಕುಂಭದಲ್ಲಿ ನೆಲೆಯಾಗಿ ನಿಂತದ್ದು 2023ರ ಜನವರಿ 17ಕ್ಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ್ಯಪ್ ಅವನಿಗಾಗಿ ಕಾಯಲಿಲ್ಲ.

ಕಳೆದ ಮಳೆಗಾಲದಲ್ಲಿ ಮಲ್ಲೇಶ್ವರದಿಂದ ಹತ್ತಿದ ಆಟೊದಲ್ಲಿ ಮುಂದಿನ ಗಾಜಿನ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಹ್ಯಾಂಡಲ್ ಪಕ್ಕದ ಮೊಬೈಲಿನಲ್ಲಿ ಮೂರು ಆ್ಯಪ್‌ಗಳು ಸರದಿಯಂತೆ ಕೂಗುತ್ತಿದ್ದವು. ಯಾವುದು ಒಳ್ಳೆಯದು ಎಂದು ಕೇಳಿದೆ.

"ದಿನದ ದುಡ್ಡು ಕಟ್ಟಿದ ಮೇಲೆ ಉಳಿದದ್ದು ನನ್ನದು ಸಾರ್. ಮೊದಲು ಎಷ್ಟು ಹಿಡಿದುಕೊಂಡರು ಎಂದು ರಾತ್ರಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು" ಎಂದರು. ಸಿಗ್ನಲ್ಲಿನಲ್ಲಿ ನಿಂತಾಗ ತಾವೇ ಮುಂದುವರಿಸಿದರು: "ಆದರೆ ಗಿರಾಕಿ ದುಡ್ಡು ಕೊಡದೆ ಇಳಿದು ಹೋದರೆ ಯಾರಿಗೆ ಹೇಳುವುದು? ಅವರು ಹೇಳುತ್ತಾರೆ, ನಾವು ಬರೀ ಸೇರಿಸುವವರು, ನೀವು ನೀವೇ ಮಾತಾಡಿಕೊಳ್ಳಿ."

ಗಣಿತವೂ ಫಲವೂ ಎರಡೇ ವಾಕ್ಯಗಳಲ್ಲಿ ಬಂದವು. ಲೆಕ್ಕ ಅವರ ಕಣ್ಣಮುಂದಿದೆ, ಅದು ದೊಡ್ಡ ಬದಲಾವಣೆ. ಎಷ್ಟು ದೊಡ್ಡದೆಂದರೆ 2025ರ ಫೆಬ್ರವರಿಯಲ್ಲಿ ಉಬರ್ ಕೂಡ ಆಟೊಗಳಿಗೆ ಕಮಿಷನ್ ಬಿಟ್ಟು ಶುಲ್ಕದ ದಾರಿಗೆ ಬಂತು. ಆದರೆ ಕೆಟ್ಟ ಹೊತ್ತಿನಲ್ಲಿ ಹಿಡಿದು ಕೇಳಲು ತಲೆ ಇಲ್ಲ. ಇಲ್ಲಿಯೂ ತಲೆ ಮೂಡುತ್ತಿಲ್ಲವೆಂದಲ್ಲ. 2024ರಲ್ಲಿ ನಮ್ಮ ಯಾತ್ರಿ ನಡೆಸುವ ಕಂಪನಿಗೆ ಗೂಗಲ್ ಸೇರಿದಂತೆ ಹೂಡಿಕೆದಾರರ ಹಣ ಬಂತು. ಹೂಡಿದವರು ನಾಳೆ ಏನು ಕೇಳುತ್ತಾರೆ ಎಂದು ಹೇಳಲು ಜಾತಕ ಬೇಕಾಗಿಲ್ಲ.

ಇಳಿಯುವಾಗ ಕ್ಯೂಆರ್ ಹಲಗೆಗೆ ಮೊಬೈಲ್ ಹಿಡಿದೆ. ಯುಪಿಐಯನ್ನು ಅನೇಕರು ವಿಕೇಂದ್ರೀಕರಣ ಎಂದೇ ತಿಳಿದಿದ್ದಾರೆ, ಏಕೆಂದರೆ ಕೊತ್ತಂಬರಿ ಮಾರುವವರ ಕೈಗೂ ಅದು ಬಂದಿದೆ. ನಿಜದಲ್ಲಿ 2016ರಿಂದ ಪ್ರತಿ ಪಾವತಿಯೂ ಎನ್‌ಪಿಸಿಐ ಎಂಬ ಒಂದೇ ಸಂಸ್ಥೆಯ ಮೂಲಕ ಹಾಯ್ದುಹೋಗುತ್ತದೆ. ಎಲ್ಲರ ಕೈಗೆ ಬರುವುದು ಬೇರೆ, ಎಲ್ಲರ ಕೈಯಲ್ಲಿರುವುದು ಬೇರೆ. ಇದು ಸಿಂಹದ ಮನೆ. ರಾಜ ಗಟ್ಟಿಯಾಗಿ ಕುಳಿತಿದ್ದಾನೆ, ಸದ್ಯಕ್ಕೆ ಪ್ರಜೆಗಳಿಗೂ ದೂರಿಲ್ಲ.

ಜೋಯಿಸರ ಮನೆಯ ವಿಷಯ ಅರ್ಧಕ್ಕೆ ಬಿಟ್ಟೆ. ಅವರು ಗ್ರಹಗಳನ್ನೆಲ್ಲ ಕೂರಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದರು. ನೋಡಲು ಅಂದವಾಗಿಯೇ ಇತ್ತು, ಮಕರದಲ್ಲಿ ಮಾತ್ರ ಅಕ್ಷರಗಳು ಒತ್ತೊತ್ತಾಗಿದ್ದವು. "ಮುಂದೆ ಹೇಗಿದೆ ಜೋಯಿಸರೇ? ಏಳಿಗೆ ಇದೆಯೇ?" ಎಂದು ಕೇಳಿದೆ. ಅರ್ಧ ತಮಾಷೆಗೆ, ಅರ್ಧ ಆಸೆಗೆ.

"ಲಗ್ನವಿಲ್ಲದೆ ನಾನು ಫಲ ಹೇಳುವುದಿಲ್ಲ" ಎಂದರು. ಎಲೆಯಡಿಕೆಯ ಜೊತೆ ನಾನಿಟ್ಟ ಇನ್ನೂರು ರೂಪಾಯಿಯನ್ನು ತಟ್ಟೆಯಿಂದ ಎತ್ತಿ ವಾಪಸು ಕೊಟ್ಟರು. ಎಲೆಯಡಿಕೆ ಇಟ್ಟುಕೊಂಡರು.